ಸಾಲ ಇಲ್ಲ ಅಂತ ಬರಕೊಳ್ರಿ

ಬಳ್ಳಾರಿಯ ಹತ್ತಿ ದಲಾಲ ಮರಿಬಸಪ್ಪ ೧೯೭೬ರಲ್ಲಿ ಸಿರುಗುಪ್ಪ ರಸ್ತೆಯಲ್ಲಿ ಎರಡು ಪಾಲಿನ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ. ಗೃಹಪ್ರವೇಶಕ್ಕೆ ಕುರುಗೋಡಿನಿಂದ ಬಂದಿದ್ದ ಹೆಂಡತಿಯ ತವರಿನವರ ಮುಂದೆ, "ಒಂದು ಪೈಸಾ ಸಾಲ ಮಾಡಿಲ್ಲ, ಎಲ್ಲಾ ನನ್ನ ದುಡಿಮಿ" ಅಂದುಬಿಟ್ಟ. ನಿಜವೆಂದರೆ ಮನೆಯ ಪತ್ರ ಗೃಹನಿರ್ಮಾಣ ಸೊಸೈಟಿಯಲ್ಲಿ ಅಡವಿತ್ತು. ಪ್ರತಿ ತಿಂಗಳು ಕಂತು ಕಟ್ಟಿ ಬಂದವನೇ ರಸೀದಿಯನ್ನು ನೀರೊಲೆಗೆ ಹಾಕುತ್ತಿದ್ದ.

ಎರಡು ವರ್ಷದ ಮೇಲೆ ಆದಾಯ ತೆರಿಗೆ ಕಚೇರಿಯಿಂದ ನೋಟೀಸು ಬಂತು: ಬಾಡಿಗೆಯ ಲೆಕ್ಕ ತೋರಿಸಬೇಕು. ಹೆಂಡತಿ ಸುವರ್ಣಮ್ಮ ತನ್ನ ತಮ್ಮ ಎರ್ರಿಸ್ವಾಮಿಯನ್ನು ಕುರುಗೋಡಿನಿಂದ ಕರೆಸಿದಳು. ಊರಿನವರಿಗೆಲ್ಲ ಅರ್ಜಿ ಬರೆದುಕೊಡುವವನು ಅವನು. "ಆಫೀಸರಂದ್ರ ನಾ ಅಂಜಾಂವಲ್ಲ ಮಾವಾ" ಎಂದು ಇಸ್ತ್ರಿ ಅಂಗಿ ತೊಟ್ಟು ಹೊರಟ.

ಅಧಿಕಾರಿ ಚಿದಾನಂದಪ್ಪ ಕೂಡಿ ಕಳೆದು ನೋಡಿದರು. "ಬಾಡಿಗಿ ವರ್ಷಕ್ಕ ನಾಲ್ಕು ಸಾವಿರದ ಎರಡು ನೂರು. ಮುನಿಸಿಪಾಲ್ಟಿ ಕಂದಾಯ ಕಳೀತೀವಿ, ರಿಪೇರಿಗಂತ ಆರನೇ ಒಂದು ಪಾಲು ಕಳೀತೀವಿ. ಸಾಲ ಮಾಡಿ ಕಟ್ಟಿದ್ರ ಅದರ ಬಡ್ಡೀನೂ ಕಳೀತೀವಿ. ಸಾಲ ಐತೇನ್ರಿ?"

ಮರಿಬಸಪ್ಪ ಬಾಯಿ ತೆರೆಯುವಷ್ಟರಲ್ಲಿ ಎರ್ರಿಸ್ವಾಮಿ ಎದ್ದು ನಿಂತ. "ನಮ್ಮ ಮಾವಾರು ಸಾಲ ಮಾಡೋ ಪೈಕಿ ಅಲ್ರಿ ಸಾಹೇಬ್ರ. ಇಲ್ಲ ಅಂತ ಬರಕೊಳ್ರಿ."

"ಎರ್ರಿಸ್ವಾಮಿ, ಒಂದೀಟು ಚಾ ಹೇಳಿ ಬಾರಪ್ಪಾ" ಎಂದ ಮರಿಬಸಪ್ಪ.

"ಚಾ ಆಮ್ಯಾಲ ಮಾವಾ. ಮೊದ್ಲು ಇದು ಮುಗೀಲಿ."

"ಹಂಗಾದ್ರ ಹೊರಗ ಸೈಕಲ್ ನೋಡು ಹೋಗು."

"ನಡಕೋತ ಬಂದೀವಲ್ಲ ಮಾವಾ!"

ಅಧಿಕಾರಿಯ ಪೆನ್ನು ಕಾಗದ ಮುಟ್ಟಿತು. ಮರಿಬಸಪ್ಪನಿಗೆ ತಡೆಯಲಾಗಲಿಲ್ಲ. "ಐತ್ರಿ! ಹದಿನೆಂಟು ಸಾವಿರ ಸಾಲ ಐತಿ! ಮನಿ ಪತ್ರಾನೂ ಸೊಸೈಟ್ಯಾಗ ಐತಿ!"

ಪಕ್ಕದ ಕೋಣೆಯ ಟೈಪ್‌ರೈಟರು ಗಪ್ಪಾಯಿತು. ಎರ್ರಿಸ್ವಾಮಿ ಮೆಲ್ಲಗೆ ಕುಳಿತುಕೊಂಡ.

ಮಾನ ಹೋದ ಮೇಲೆ ಮರಿಬಸಪ್ಪನಿಗೆ ಧೈರ್ಯ ಬಂತು. "ವರ್ಷಕ್ಕ ಮೂರು ಸಾವಿರ ಕಂತು ಕಟ್ತೀನ್ರಿ. ಅಷ್ಟೂ ಕಳೀರಿ."

"ಅಷ್ಟೂ ಬರಂಗಿಲ್ಲ. ಅದರಾಗ ಬಡ್ಡಿ ಎಷ್ಟೈತಿ ಅಷ್ಟ. ಉಳಿದದ್ದು ಅಸಲು."

"ಅಸಲೂ ನನ್ನ ಕಿಸೇದಿಂದನ ಹೋಗ್ತೈತಲ್ರಿ!"

"ಅಸಲು ತೀರಿದ್ರ ಮನಿ ನಿಮ್ದಾಗ್ತೈತಿ. ಬಡ್ಡಿ ಹೋದ್ರ ಹೋತು. ಎಷ್ಟಂತ ಸೊಸೈಟ್ಯಾಗ ಬರೆಸ್ಕೊಂಡು ಬರ್ರಿ."

ಬಡ್ಡಿ ಹತ್ತೊಂಬತ್ತು ನೂರು ಎಂದು ಸೊಸೈಟಿ ಬರೆದುಕೊಟ್ಟಿತು. ತೆರಿಗೆಗೆ ಸಿಗುವ ಬಾಡಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಅಷ್ಟು ಹೊತ್ತಿಗೆ, ಮಾವ ಕೊಡಿಸಿದ ಎರಡು ಪ್ಲೇಟು ಮಿರ್ಚಿ ತಿಂದು ಬಾಯಿ ಬಿಡುವುದಿಲ್ಲವೆಂದು ಆಣೆಯಿಟ್ಟಿದ್ದ ಎರ್ರಿಸ್ವಾಮಿ, ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಎಲ್ಲ ಹೇಳಿಬಿಟ್ಟಿದ್ದ.

ಸುವರ್ಣಮ್ಮ ಕೂಗಾಡಲಿಲ್ಲ. "ಇನ್ನೆಷ್ಟು ವರ್ಷ ಕಟ್ಟಬೇಕ್ರಿ?" ಎಂದಳು.

"ಎಂಟು."

"ಒಬ್ರ ಯಾಕ ಹೊತ್ತೀರಿ ಇಷ್ಟು ದಿನ? ಇನ್ಮ್ಯಾಲ ಬಾಡಿಗಿ ನಾ ತರ್ತೀನಿ, ಕಂತೂ ನಾನ ಕಟ್ತೀನಿ."

ಮುಂದಿನ ತಿಂಗಳಿಂದ ಹಾಗೆಯೇ ನಡೆಯಿತು. ಕಂತು ಕಟ್ಟಿದ ಮೇಲೆ ತಿಂಗಳಿಗೆ ಉಳಿಯುವ ನೂರು ರೂಪಾಯಿ ಎಲ್ಲಿ ಹೋಗುತ್ತದೆಂದು ಕೇಳಲು ಮರಿಬಸಪ್ಪನಿಗೆ ಬಾಯಿ ಬರಲಿಲ್ಲ.