ಅಡುಗೆಮನೆಯಲ್ಲಿ ನೀಲಿ ಇಲ್ಲ

ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಊರವರು ಕರೆಯುವಂತೆ ನಾನೂ ಮಿಸ್ತ್ರಿ ಎನ್ನುತ್ತೇನೆ. ಗಂಗಾವತಿಯಿಂದ ಶ್ರೀರಾಮನಗರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದು ಗಾಡಿ ವೈರಿಂಗ್ ಅಂಗಡಿ, ಅದರ ಹಿಂದೆಯೇ ಮನೆ. ಟ್ರ್ಯಾಕ್ಟರು ಬರುತ್ತವೆ, ಜೀಪು ಬರುತ್ತವೆ, ಸುಗ್ಗಿಯಲ್ಲಿ ಭತ್ತ ಕೊಯ್ಯುವ ಚೈನ್ ಮಷಿನ್ನುಗಳು ಬರುತ್ತವೆ. ಗಾಲಿಯ ಬದಲು ಚೈನಿನ ಮೇಲೆ ಕೆಸರಿಗಿಳಿಯುವ ಯಂತ್ರ ಅದು. ಕಂಪನಿ ಕೊಟ್ಟ ಬೆಳಕು ಅದಕ್ಕೆ ಸಾಲುವುದಿಲ್ಲ, ಎಲ್ಲರಿಗೂ ತಲೆಯ ಮೇಲೆ ನಾಲ್ಕು ಫೋಕಸ್ ಲೈಟ್ ಬೇಕು.

ಲೈಟನ್ನು ಯಾರು ಬೇಕಾದರೂ ಕೂರಿಸುತ್ತಾರೆ. ಮಿಸ್ತ್ರಿಗೆ ಹೆಸರು ಬಂದದ್ದು ಅವರ ಹಟದಿಂದ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಸ್ವಿಚ್ಚಿನ ಮೇಲೆ ಭಾರ ಬೀಳದಂತೆ ರಿಲೇ ಇರಲೇಬೇಕು. ತಗಡಿನ ತೂತಿನಲ್ಲಿ ವೈರ್ ಹಾಯುವಲ್ಲಿ ರಬ್ಬರ್ ಬಳೆ ಇರಲೇಬೇಕು. "ಫ್ಯೂಸ್ ಬ್ಯಾಡ, ಡೈರೆಕ್ಟ್ ಕೊಡ್ರಿ" ಎಂದವರಿಗೆ, "ಬೆಂಕಿಪೆಟ್ಟಿಗಿ ಕೊಡ್ತೀನಿ, ನೀವ ಹಚ್ಚಿಕೊಳ್ರಿ" ಎಂದು ದಾರಿ ತೋರಿಸುತ್ತಿದ್ದರು. ನಾನು ಈ ಮನುಷ್ಯನನ್ನು ಮೆಚ್ಚಿದ್ದು ಆ ಗತ್ತಿಗೆ, ಮುಖಕ್ಕಲ್ಲ. ಮುಖ ಅಷ್ಟಕ್ಕಷ್ಟೇ.

೨೦೧೭ರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಆಕಾರ ಕಾಣುತ್ತಿತ್ತು, ಬಣ್ಣ ಹೋಯಿತು. ಹೋದ ಬಣ್ಣ ತಿರುಗಿ ಬರುವುದಿಲ್ಲ ಎಂದರು ಕೊಪ್ಪಳದ ಡಾಕ್ಟರು. ಕೆಂಪು ವೈರ್ ಯಾವುದು, ಕರಿ ವೈರ್ ಯಾವುದು ಎಂದು ತಿಳಿಯದ ಮಿಸ್ತ್ರಿಯ ಮುಂದೆ ಯಾರು ಮಷಿನ್ ತಂದು ನಿಲ್ಲಿಸುತ್ತಾರೆ? ಬಸ್ಸಿನಲ್ಲಿ ಬರುವಾಗ ಅವರು ಒಂದೇ ಮಾತು ಹೇಳಿದರು: "ಯಾರಿಗೂ ಹೇಳಬ್ಯಾಡ. ಈ ಕೆಲಸ ಹೋದ್ರ ನಾ ಇರಂಗಿಲ್ಲ."

ಅದಕ್ಕೇ ಅಡುಗೆಯ ಭಾಷೆ ಹುಟ್ಟಿತು. ನಾನು ಪಕ್ಕದಲ್ಲಿ ಕಾಯಿಪಲ್ಲೆ ಸೋಸುತ್ತ ಕೂರುವುದು, ಅವರು ಒಂದೊಂದೇ ವೈರ್ ಹಿಡಿದು "ಇವತ್ತೇನು ಮಾಡ್ತಿ?" ಎನ್ನುವುದು. ಒಣಮೆಣಸಿನಕಾಯಿ ಎಂದರೆ ಕೆಂಪು, ಬ್ಯಾಳಿ ಎಂದರೆ ಹಳದಿ, ಪುಂಡಿಪಲ್ಲೆ ಎಂದರೆ ಹಸಿರು, ಗುರೆಳ್ಳು ಎಂದರೆ ಕರಿ. ನೀಲಿಗೆ ಬಂದು ಸಿಕ್ಕಿಕೊಂಡೆವು. ಅಡುಗೆಮನೆಯಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ, ಬೇಕಾದರೆ ನೀವೂ ಹುಡುಕಿ. ಕೊನೆಗೆ ಬದನೆಕಾಯಿಯನ್ನೇ ನೀಲಿ ಎಂದುಕೊಂಡೆವು. ಗಿರಾಕಿಗಳು ಮಿಸ್ತ್ರಿಯದು ಬರೀ ಹೊಟ್ಟೆಯ ಧ್ಯಾನ ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಹೀಗೆ ಎಂಟು ತಿಂಗಳು ನಡೆಯಿತು.

ಆ ದಿನ ಮರಳಿ ಊರಿನ ಪಂಪಣ್ಣ ತನ್ನ ಚೈನ್ ಮಷಿನ್ ತಂದಿದ್ದ. ಮೋಡ ಕಟ್ಟಿತ್ತು, ಅವನ ಭತ್ತ ಬಾಗಿ ನಿಂತಿತ್ತು, ಅವನಿಗೆ ತಡೆಯುವ ತಾಳ್ಮೆ ಇರಲಿಲ್ಲ. ಅವನ ಆಪರೇಟರ್ ಹಾಲೇಶ, ಕುಕನೂರಿನ ಕಡೆಯವನು, ಸ್ವಿಚ್ ಒತ್ತಿ ನೋಡಲು ಮೇಲೆ ಸೀಟಿನಲ್ಲಿ ಕೂತಿದ್ದ. ಕೆಲಸ ಮುಕ್ಕಾಲು ಮುಗಿದಿತ್ತು. ಮಿಸ್ತ್ರಿ ಉಳಿದ ವೈರುಗಳಲ್ಲಿ ಒಂದನ್ನು ಹಿಡಿದು, "ಇವತ್ತೇನು ಮಾಡ್ತಿ?" ಎಂದರು.

ಅದೇ ಹೊತ್ತಿಗೆ ಪಕ್ಕದ ಟೇಲರ್ ಅಂಗಡಿಯಿಂದ ತಾಜಬೀ, "ರೇಣುಕಾ, ರೊಟ್ಟಿಗೆ ಏನೈತೆ ನಿಮ್ಮನ್ಯಾಗ?" ಎಂದು ಕೇಳಿದಳು. ನಾನು ಆ ಕಡೆ ತಿರುಗಿದ್ದೆ. ಇವರು ಕೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

"ಗುರೆಳ್ಳು ಚಟ್ನಿ" ಎಂದೆ.

ಮನೆಯಲ್ಲಿ ನಿಜಕ್ಕೂ ಅದೇ ಇತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಿಸ್ತ್ರಿ ಅದನ್ನೇ ಉತ್ತರವೆಂದುಕೊಂಡು ಕೈಯಲ್ಲಿದ್ದ ವೈರನ್ನು ಬಿಗಿದರು. ಹಾಲೇಶ ಸ್ವಿಚ್ ಒತ್ತಿದ. ಟಪ್ ಎಂದು ಫ್ಯೂಸ್ ಹೋಯಿತು. ಮಿಸ್ತ್ರಿ ಇನ್ನೊಂದು ಹಾಕಿದರು, ಅದೂ ಹೋಯಿತು. ಆಗ ನಾನು ಬಗ್ಗಿ ನೋಡಿದೆ. ಬಾಡಿಯ ಬೋಲ್ಟಿಗೆ ಬಿಗಿಯಬೇಕಾದ ಕರಿ ವೈರ್ ಸುಮ್ಮನೆ ಜೋತಾಡುತ್ತಿತ್ತು. ರಿಲೇಯಿಂದ ಲೈಟಿಗೆ ಹೋಗಬೇಕಾದ ನೀಲಿ ವೈರ್ ಬೋಲ್ಟಿನಲ್ಲಿತ್ತು. ಸ್ವಿಚ್ ಒತ್ತಿದಾಗಲೆಲ್ಲ ಬ್ಯಾಟರಿಯ ಶಕ್ತಿಯೆಲ್ಲ ನೇರ ಮಷಿನ್ನಿನ ಮೈಗೆ ಹೋಗುತ್ತಿತ್ತು.

"ಏನ್ರಿ, ಬದನಿಕಾಯಿ" ಎಂದೆ. "ಅಲ್ಲಿರೋದು ಬದನಿಕಾಯಿರಿ."

ಅವರ ಹಣೆಯಲ್ಲಿ ಬೆವರಿತ್ತು. ನನ್ನ ಮಾತು ಅವರ ತಲೆಗೆ ಹೋಗಲಿಲ್ಲ. ಪಂಪಣ್ಣ ನಕ್ಕ. "ಯಕ್ಕಾ, ಊಟದ ಚಿಂತಿ ಆಮ್ಯಾಲ ಮಾಡ್ರಿ. ಮಿಸ್ತ್ರಿ, ಮಳಿ ಬಂದ್ರ ನನ್ನ ಗದ್ದಿ ಮುಗೀತು. ಆ ಫ್ಯೂಸ್ ಬಿಟ್ಟು ಡೈರೆಕ್ಟ್ ಕೊಟ್ಟುಬಿಡ್ರಿ."

ಬೈಗುಳ ಬರುತ್ತದೆ ಎಂದು ಕಾದೆ. ದೇವರಾಣೆ, ಅವತ್ತು ಆ ಬೈಗುಳಕ್ಕಾಗಿ ಕಾದಷ್ಟು ನಾನು ಯಾವುದಕ್ಕೂ ಕಾದಿಲ್ಲ. ಮಿಸ್ತ್ರಿ ಒಂದು ಚೂರು ವೈರಿನ ಸಿಪ್ಪೆ ಸುಲಿದರು, ತಾಮ್ರದ ಎಳೆಗಳನ್ನು ಹೊಸೆದರು, ಫ್ಯೂಸ್ ಇರುವ ಜಾಗದಲ್ಲಿ ಕಟ್ಟತೊಡಗಿದರು. ತಮ್ಮ ತಪ್ಪು ಎಲ್ಲಿದೆ ಎಂದು ಕಾಣದವರು, ತಪ್ಪನ್ನು ತೋರಿಸುವ ಫ್ಯೂಸನ್ನೇ ತೆಗೆದರು. ಇಂಜಿನ್ನಿನ ಸುತ್ತ ಒಣಹುಲ್ಲಿನ ಧೂಳು, ಎಣ್ಣೆಯ ಜಿಡ್ಡು. ಹಾಲೇಶನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು.

"ಒತ್ತಬ್ಯಾಡಪ್ಪ" ಎಂದೆ. "ನೀಲಿ ವೈರ್ ಬಾಡಿಯ ಬೋಲ್ಟಿಗೆ ಹತ್ತೈತಿ. ಕೆಳಗಿಳಿ."

ಪಂಪಣ್ಣ ಬಗ್ಗಿದ. "ಹೌದಲ್ಲ. ಮಿಸ್ತ್ರಿ, ಇದು ನೀಲಿ ಐತಿ."

"ಕರಿ ಐತದು" ಎಂದರು ಮಿಸ್ತ್ರಿ.

ಮಟಮಟ ಮಧ್ಯಾಹ್ನ. ಆ ವೈರಿನ ನೀಲಿ ರಸ್ತೆಯ ಆಚೆಯವರಿಗೂ ಕಾಣುವಂತಿತ್ತು. ಪಂಪಣ್ಣ ವೈರನ್ನು ನೋಡಿದ, ಮಿಸ್ತ್ರಿಯ ಕಣ್ಣನ್ನು ನೋಡಿದ, ನನ್ನ ಮುಂದಿದ್ದ ಪುಂಡಿಪಲ್ಲೆಯನ್ನು ನೋಡಿದ. ಎಂಟು ತಿಂಗಳ ನಗೆಚಾಟಿಕೆಯೆಲ್ಲ ಅವನಿಗೆ ಅರ್ಥವಾಯಿತು. ಒಂದು ಕೆಟ್ಟ ಮಾತು ಆಡಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಅವನು ಮಿಸ್ತ್ರಿಯ ಭುಜ ಮುಟ್ಟಿ, "ಇರಲಿ ಬಿಡ್ರಿ ಅಣ್ಣಾರ, ಉಳಿದದ್ದು ಊರಾಗ ಮಾಡಿಸ್ಕೋತೀನಿ" ಎಂದ. ಎಂದೂ ಮಿಸ್ತ್ರಿ ಬಿಟ್ಟು ಬೇರೆ ಕರೆಯದವನು ಅಂದು ಅಣ್ಣಾರ ಎಂದ. ಹಾಲೇಶ ಬೋಲ್ಟಿನಿಂದ ನೀಲಿ ವೈರ್ ಬಿಚ್ಚಿ ಟೇಪ್ ಸುತ್ತಿದ, ಮಿಸ್ತ್ರಿ ಕಟ್ಟಿದ ತಾಮ್ರದ ಎಳೆಯನ್ನು ಕಿತ್ತು ರಸ್ತೆ ಪಕ್ಕಕ್ಕೆ ಎಸೆದ. ಮಷಿನ್ ಹೋಯಿತು. ಆಮೇಲೆ ಯಾವ ಮಷಿನ್ನೂ ಬರಲಿಲ್ಲ.

ಆ ದಿನ ಮಿಸ್ತ್ರಿ ಸಂಜೆಯವರೆಗೂ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ನಾನು ನೀರು ಕೊಟ್ಟೆ, ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೇಳಿದರು.

"ನೀ ಸುಮ್ನಿದ್ದಿದ್ರ ಒಂದು ಮಷಿನ್ ಸುಡ್ತಿತ್ತು. ಅಷ್ಟ."

"ಹಾಲೇಶ ಮ್ಯಾಲೆ ಕುಂತಿದ್ದನ್ರಿ" ಎಂದೆ.

"ಗೊತ್ತೈತಿ" ಎಂದರು.

ಹತ್ತೊಂಬತ್ತು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ. ಬೈದಿದ್ದಾರೆ, ಸಿಟ್ಟಿನಿಂದ ತಾಟು ದೂಡಿ ಎದ್ದಿದ್ದಾರೆ, ನಾನು ಎಂದೂ ಹೆದರಿರಲಿಲ್ಲ. ಆ ಒಂದು ಮಾತಿಗೆ ಹೆದರಿದೆ. ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದೆ.