ನಿನ್ನೆಯ ಬ್ರೆಡ್ಡು, ಇವತ್ತಿನ ಬ್ರೆಡ್ಡು

ಭಾನುವಾರ ಬೆಳಿಗ್ಗೆ ಕಾಲೇಜಿನ ಪ್ರಯೋಗಾಲಯಕ್ಕೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದದ್ದನ್ನು ನೋಡಿದಾಗಲೇ ಅವಳಿಗೆ ಗೊತ್ತಾಯಿತು, ಇವರು ಬ್ರೆಡ್ಡು ತಿನ್ನುವುದಕ್ಕೆ ಬಂದಿಲ್ಲ ಎಂದು. ಬೇಕರಿಯಲ್ಲಿ ದಿನವಿಡೀ ಬನಿಯನ್ನಿನಲ್ಲೇ ಓಡಾಡುವ ಮನುಷ್ಯ. ಅಂಗಿ ಹಾಕುವುದು ಒಂದೋ ಸಾವಿನ ಮನೆಗೆ, ಇಲ್ಲವೇ ಜಗಳಕ್ಕೆ. ಹಿಂದೆಯೇ ಅವಳ ಗಂಡ ಬ್ರೆಡ್ಡಿನ ಬುಟ್ಟಿ ಹೊತ್ತುಕೊಂಡು ಬಂದ. ಅಣ್ಣನ ಬೆನ್ನ ಹಿಂದೆ ನಡೆದು ನಡೆದು ಅವನಿಗೆ ಮುಂದೆ ನಡೆಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಬೇಕರಿ ಭಾವನದು. ಹಿಟ್ಟು ನಾದುವುದು ಗಂಡ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಅವಳು. ಅಂಗಡಿ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಆಹಾರ ವಿಜ್ಞಾನ ಓದುತ್ತಿದ್ದಳು. ಕೊನೆಯ ವರ್ಷ ಒಂದು ಪರೀಕ್ಷೆಯ ಬದಲು ಅಧ್ಯಾಪಕರೊಬ್ಬರ ಕೈಕೆಳಗೆ ಸ್ವಂತವಾಗಿ ಸಂಶೋಧನೆ ಮಾಡಬಹುದಿತ್ತು. ಪರೀಕ್ಷೆ ಎಂದರೆ ಅಂಗೈ ಬೆವರುವ ಅವಳು ಇದೇ ಸುಲಭ ಎಂದುಕೊಂಡು ಹೆಸರು ಕೊಟ್ಟಳು. ಸಿಕ್ಕ ಮಾರ್ಗದರ್ಶಕಿ ಮಾತ್ರ ಆಸಿಡ್ ಮೇಡಂ. ಹುಡುಗರು ಇಟ್ಟ ಹೆಸರು. ಮೇಡಂಗೂ ಅದು ತಿಳಿದಿತ್ತು, ಬೇಸರವಿದ್ದಂತಿರಲಿಲ್ಲ.

ಅವಳ ವಿಷಯ ಸರಳವಾಗಿತ್ತು. ಮೈದಾ ಹಿಟ್ಟಿಗೆ ಬೇಯಿಸಿ ಕಿವುಚಿದ ಆಲೂಗಡ್ಡೆ ಸೇರಿಸಿದರೆ ಬ್ರೆಡ್ಡು ಮರುದಿನವೂ ಮೆತ್ತಗೆ ಉಳಿಯುತ್ತದೆ. ನಿನ್ನೆಯ ಆಲೂಗಡ್ಡೆ ಬ್ರೆಡ್ಡನ್ನು ಇವತ್ತಿನ ಸಾದಾ ಬ್ರೆಡ್ಡಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ಯಾರೂ ಗುರುತಿಸಲಾರರು. ಇಷ್ಟನ್ನು ತೋರಿಸಿಬಿಟ್ಟರೆ ಪ್ರಬಂಧ ಗೆದ್ದ ಹಾಗೆ, ಡಿಗ್ರಿ ಕೈಗೆ ಬಂದ ಹಾಗೆ. ಇನ್ನೊಂದು ಸುತ್ತು ಬೇಯಿಸಬೇಕಿತ್ತು, ಅದಕ್ಕೆ ಭಾವನ ಓವನ್ ಬೇಕಿತ್ತು. ಭಾವ ಈವರೆಗೆ ಓವನ್ ಬಿಟ್ಟುಕೊಟ್ಟದ್ದೇ ಮೂಗು ಮುರಿಯುತ್ತ. ನಿನ್ನೆಯ ಬ್ರೆಡ್ಡನ್ನು ಇವತ್ತಿನದೆಂದು ಮಾರಿದವನಲ್ಲ ತಾನು ಎಂಬುದು ಅವರ ಹೆಮ್ಮೆ. ತಮ್ಮನ ಹೆಂಡತಿ ಕಾಲೇಜಿಗೆ ಹೋಗಿ ಕಲಿತದ್ದು ಆ ಹೆಮ್ಮೆಗೆ ಮಣ್ಣು ಹಾಕುವ ವಿದ್ಯೆ ಎಂದೇ ಅವರು ತಿಳಿದಿದ್ದರು.

ಭಾವನನ್ನು ಕರೆಸಿದ್ದು ಅವಳಲ್ಲ. ಅಕ್ಕಪಕ್ಕದವರು, ಸಹಪಾಠಿಗಳು, ಹಾಸ್ಟೆಲಿನ ಅಡುಗೆಯವರು ತಿಂದು ಹೇಳಿಯಾಗಿತ್ತು. ಅರ್ಧ ಜನ ತಪ್ಪು, ಅರ್ಧ ಜನ ಸರಿ. ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಅಷ್ಟೇ ಆಗುತ್ತಿತ್ತು. ಅವಳು ಹಿಗ್ಗುವಷ್ಟರಲ್ಲಿ ಮೇಡಂ, "ಇದೆಲ್ಲ ಹಸಿದವರ ನಾಲಿಗೆ. ನುರಿತ ನಾಲಿಗೆ ಒಂದು ಬೇಕು. ನಿಮ್ಮ ಮನೇಲೇ ಇದೆಯಲ್ಲ, ಕರ್ಕೊಂಡು ಬನ್ನಿ" ಎಂದಿದ್ದರು.

ಮೇಜಿನ ಮೇಲೆ ಅವಳು ಮುಂಚೆಯೇ ತಂದು ಅಂಚು ಕತ್ತರಿಸಿಟ್ಟಿದ್ದ ಎರಡು ಹೋಳು, ಎರಡು ಬಿಳಿ ತಟ್ಟೆಗಳಲ್ಲಿ. ಭಾವ ಕುರ್ಚಿ ಎಳೆದು ಕೂತವರೇ ಹೆಬ್ಬೆರಳಿನಿಂದ ಹೋಳನ್ನು ಒತ್ತಲು ಹೋದರು.

"ಮುಟ್ಟೋ ಹಾಗಿಲ್ಲ," ಎಂದರು ಮೇಡಂ. "ನೇರ ಬಾಯಿಗೆ."

"ಮುಟ್ಟದೆ ಬ್ರೆಡ್ಡು ತಿಳಿಯುತ್ತೇನ್ರೀ? ಡಾಕ್ಟ್ರು ನಾಡಿ ಹಿಡಿಯಲ್ವಾ?"

"ಡಾಕ್ಟ್ರು ರೋಗೀನ ತಿನ್ನಲ್ಲ."

ಗಂಡ ನಕ್ಕುಬಿಟ್ಟ. ಅಣ್ಣ ತಿರುಗಿ ನೋಡಿದ ಮೇಲೆ ಅದನ್ನು ಕೆಮ್ಮಾಗಿ ಬದಲಾಯಿಸಿದ.

ಭಾವ ಮೊದಲನೆಯದನ್ನು ತಿಂದರು, ನೀರು ಕುಡಿದರು, ಎರಡನೆಯದನ್ನು ತಿಂದರು. ಆಮೇಲೆ ಒರಗಿ ಕೂತು, ಇಡೀ ಕೋಣೆಗೆ ಕೇಳುವಂತೆ ಹೇಳಿದರು. "ಇದು ಆ ಆಲೂಗಡ್ಡೆ ರಗಳೆ, ನಿನ್ನೇದು. ಗಂಟಲಲ್ಲಿ ಇಳೀತಿಲ್ಲ. ಇದು ನಂದು. ಇವತ್ತು ಬೆಳಿಗ್ಗೆ ನನ್ನ ಕೈಯಾರೆ ಇಳಿಸಿದ್ದು."

ಮೇಡಂ ತಟ್ಟೆಗಳನ್ನು ಮಗುಚಿ ತಳದ ಗುರುತು ನೋಡಿದರು. "ಉಲ್ಟಾ. ಗಂಟಲಲ್ಲಿ ಇಳೀದೆ ಇದ್ದದ್ದು ನಿಮ್ಮದೇ."

ಭಾವನ ಕಿವಿ ಕೆಂಪಾಯಿತು. ಅವಳೊಡನೆ ಅವರು ಎಂದೂ ನೇರವಾಗಿ ಮಾತಾಡಿದವರಲ್ಲ. ಈಗಲೂ ತಮ್ಮನ ಕಡೆ ತಿರುಗಿ, "ಕೇಳೋ ನಿನ್ನ ಹೆಂಡ್ತೀನ. ತಟ್ಟೆ ಅದಲುಬದಲು ಮಾಡಿದ್ಲಾ ಅಂತ" ಎಂದರು.

ಗಂಡ ಕೇಳಲಿಲ್ಲ. ಮೇಡಂ ಕೇಳಿದರು. "ಮಾಡಿದ್ರಾ?"

ಇಲ್ಲ ಎನ್ನಬೇಕಿತ್ತು. ಆದರೆ ಅವಳು ಬೀಗ ಹಾಕಿದ ಬಾಗಿಲನ್ನು ಬೀದಿಯ ತುದಿಯಿಂದ ವಾಪಸು ಬಂದು ಎಳೆದು ನೋಡುವ ಜಾತಿಯವಳು. ಬೆಳಿಗ್ಗೆ ತಟ್ಟೆ ಜೋಡಿಸುವಾಗ ತಳದ ಗುರುತನ್ನು ಮತ್ತೆ ಮತ್ತೆ ನೋಡಿದ್ದಳು. ನೋಡಿದ್ದು ನಿಜವೋ, ನೋಡಿದೆನೆಂದು ಅಂದುಕೊಂಡದ್ದೋ?

"ಇಲ್ಲ ಅನ್ಸುತ್ತೆ ಮೇಡಂ."

"ಅನ್ಸೋದೆಲ್ಲ ಇಲ್ಲಿ ಬೇಡ."

ಭಾವನಿಗೆ ಅಷ್ಟೇ ಸಾಕಾಯಿತು. "ನೋಡಿದ್ರಾ, ಅವಳಿಗೇ ಧೈರ್ಯ ಇಲ್ಲ. ಒಂದು ಕೆಲಸ ಮಾಡೋಣ. ಬುಟ್ಟೀಲಿ ಎರಡೂ ಥರದ ಬ್ರೆಡ್ಡಿದೆ, ಮೇಲೆ ಚಾಕುವಿನಿಂದ ಎಳೆದ ಗೀರು ನೋಡಿದ್ರೆ ನಂಗೆ ಗೊತ್ತಾಗುತ್ತೆ. ಈ ಸಲ ತಟ್ಟೆ ನಾನು ಜೋಡಿಸ್ತೀನಿ. ಇವಳು ತಿಂದು ಹೇಳ್ಲಿ. ತಾನೇ ಮಾಡಿದ್ದು ಯಾವುದು ಅಂತ ಇವಳಿಗೇ ತಿಳೀದೆ ಹೋದ್ರೆ ನಾನು ಸೋತೆ. ಓವನ್ ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಲಿ. ತಿಳೀತು ಅಂದ್ರೆ ಇವಳ ಮಾತೇ ಸುಳ್ಳು, ಬೆಳಿಗ್ಗೆ ತಟ್ಟೆ ಬದಲಾಯಿಸಿದ್ದೇ ನಿಜ. ಓವನ್ ಬಂದ್."

"ನೀವು ಯಾವತ್ತಾದ್ರೂ ಹೀಗೆ ತಿಂದು ನೋಡಿದ್ದೀರಾ?" ಮೇಡಂ ಅವಳನ್ನು ಕೇಳಿದರು.

"ಇಲ್ಲ ಮೇಡಂ. ನಾನೇ ಮಾಡಿದ್ದಲ್ವಾ ಅಂತ..."

"ಊರಿಗೆಲ್ಲ ತಿನ್ನಿಸಿದ್ದೀರಿ, ನೀವು ತಿಂದಿಲ್ಲ. ಚೆನ್ನಾಗಿದೆ. ಕೂತ್ಕೊಳ್ಳಿ."

ಭಾವ ಮತ್ತು ಗಂಡ ಬುಟ್ಟಿಯೊಡನೆ ಬಟ್ಟೆ ಪರದೆಯ ಹಿಂದೆ ಹೋದರು. ಚಾಕು ಹಲಗೆಗೆ ತಾಗುವ ಸದ್ದು. ಭಾವ ಏನೋ ಪಿಸುಗುಟ್ಟಿದರು, ಗಂಡ "ಅಣ್ಣಾ" ಎಂದ, ಅಷ್ಟೇ. ತಟ್ಟೆ ತಂದು ಅವಳ ಮುಂದೆ ಇಟ್ಟವನು ಗಂಡನೇ. ಅವಳ ಮುಖ ನೋಡಲಿಲ್ಲ.

ಅವಳು ಲೆಕ್ಕ ಹಾಕಿದಳು. ಒಂದು ಸುಳ್ಳು ಹೇಳಿದರೆ ಸಾಕು. ಗೊತ್ತಾಗಲಿಲ್ಲ ಎಂದರೆ ಪ್ರಬಂಧ ಉಳಿಯುತ್ತದೆ, ಓವನ್ ಉಳಿಯುತ್ತದೆ, ಮನೆಯಲ್ಲಿ ಅನ್ನ ನೆಮ್ಮದಿಯಾಗಿ ಇಳಿಯುತ್ತದೆ. ನಾಲಿಗೆಯ ಒಳಗೆ ಇಣುಕಿ ನೋಡುವವರು ಯಾರಿದ್ದಾರೆ?

ಮೊದಲ ಹೋಳು. ಒಣಗಿದ ಹುಲ್ಲಿನಂಥ ತೆಳು ವಾಸನೆ, ಅಗಿಯುತ್ತಿದ್ದ ಹಾಗೆ ಉಪ್ಪು. ಇದು ಸಾದಾ ಬ್ರೆಡ್ಡು, ಭಾವನದು. ಅನುಮಾನವಿಲ್ಲದೆ ತಿಳಿಯಿತು, ತಿಳಿಯಬಾರದಿತ್ತು. ಹಾಗಾದರೆ ಎರಡನೆಯದು ತನ್ನದು. ತನ್ನದಕ್ಕೆ ದವಡೆಗೆ ಅಂಟುವ ಗುಣವಿದೆ, ಕೊನೆಯಲ್ಲಿ ಒಂದು ಚೂರು ಸಿಹಿ. ನೀರು ಕುಡಿದು ಅದನ್ನು ಬಾಯಿಗಿಟ್ಟಳು. ಅಂಟಲಿಲ್ಲ. ಸಿಹಿಗಾಗಿ ಕಾದಳು, ಬರಲಿಲ್ಲ. ಅದೇ ಹುಲ್ಲು, ಅದೇ ಉಪ್ಪು.

ತನ್ನ ನಾಲಿಗೆ ಕೆಟ್ಟಿದೆ ಎಂದುಕೊಂಡಳು. ಮೊದಲನೆಯದನ್ನು ಮತ್ತೆ ಕಚ್ಚಿದಳು. ನಿಜವಾಗಿಯೂ ಗೊತ್ತಾಗುತ್ತಿಲ್ಲವೇನೋ, ಇದೇ ತನಗೆ ಬೇಕಾದ ಉತ್ತರವೇನೋ, ಸುಳ್ಳನ್ನೂ ಹೇಳಬೇಕಿಲ್ಲವೇನೋ. ಕತ್ತೆತ್ತಿ ಗಂಡನನ್ನು ನೋಡಿದಳು. ಅವನು ನೆಲದ ಹಾಸುಗಲ್ಲನ್ನು ಇವತ್ತೇ ಹೊಸದಾಗಿ ಕಂಡವನಂತೆ ನೋಡುತ್ತಿದ್ದ.

"ಹೇಳ್ಲಿ," ಎಂದರು ಭಾವ. "ಯಾವುದು ಇವಳದು? ಬಲಗಡೇದಾ, ಎಡಗಡೇದಾ?"

"ಎರಡೂ ಅಲ್ಲ," ಎಂದಳು. "ಎರಡೂ ನಿಮ್ಮದೇ ಭಾವ. ಇವತ್ತಿಂದೇ."

ಮೇಡಂ ಎದ್ದು ಪರದೆಯ ಹಿಂದೆ ಹೋದರು. ಹಿಂತಿರುಗಿದಾಗ ಅವರ ಕೈಯಲ್ಲಿ ಬುಟ್ಟಿಯ ಆಲೂಗಡ್ಡೆ ಬ್ರೆಡ್ಡು ಇಡಿಯಾಗಿತ್ತು. ಚಾಕು ಅದನ್ನು ಮುಟ್ಟಿರಲಿಲ್ಲ.

"ಪರೀಕ್ಷೆ ಮಾಡೋರನ್ನೇ ಪರೀಕ್ಷೆ ಮಾಡಿದೆ. ತಪ್ಪೇನು?" ಭಾವ ಎದ್ದು ನಿಂತರು. "ಯಾವುದೋ ಒಂದು ಹೇಳ್ತಾಳೆ, ಆಗ ಕಳ್ಳಿ ಸಿಗ್ತಾಳೆ ಅಂತ. ಸರಿ, ಗೊತ್ತಾಯ್ತಲ್ಲ ಇವಳಿಗೆ? ಮಾತು ಮಾತೇ. ಓವನ್ ಬಂದ್." ತಮ್ಮನಿಗೆ, "ಬುಟ್ಟಿ ತಗೋ" ಎಂದು ಹೇಳಿ ಹೊರಟುಹೋದರು. ಗಂಡ ಬುಟ್ಟಿ ತಗೊಂಡ.

"ನಿಮಗೆ ಗೊತ್ತಿತ್ತು," ಎಂದಳು ಅವಳು.

"ಅಣ್ಣ ಕಣೇ," ಎಂದ ಅವನು ಬಾಗಿಲಲ್ಲಿ ನಿಂತು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೋದ.

ಮೇಡಂ ಒಂದು ಒಳ್ಳೆಯ ಮಾತು ಆಡಬಹುದೆಂದು ಅವಳು ಒಂದು ಗಳಿಗೆ ಆಸೆಪಟ್ಟಳು.

"ಯಾರೂ ಗುರುತಿಸಲಾರರು ಅಂತ ಬರ್ದಿದ್ದೀರಿ. ನೀವೇ ಗುರುತಿಸಿದ್ರಿ. ಆ ವಾಕ್ಯ ಹೊಡೆದುಹಾಕಿ. ಇವತ್ತಿನ ಕೊನೇ ಪ್ರಯೋಗಾನೂ ಸೇರಿಸಿ, ಎರಡು ತಟ್ಟೇಲೂ ಒಂದೇ ಬ್ರೆಡ್ಡಿತ್ತು ಅಂತ."

"ಅದು ಮನೆ ಮರ್ಯಾದೆ ಮೇಡಂ."

"ಮನೆ ಅಂತ ಬರೀಬೇಡಿ, ತಟ್ಟೆ ಅಂತ ಬರೀರಿ. ಎರಡನೇ ಸುತ್ತು ತಿಂಗಳ ಕೊನೇಲಿ."

"ಓವನ್ ಇಲ್ವಲ್ಲ."

"ಅದು ನನ್ನ ವಿಷಯ ಅಲ್ಲ." ಮೇಡಂ ಕೈ ತೊಳೆಯಲು ಹೋದರು.

ಅವಳು ಮೇಜಿನ ಮೇಲಿನ ಚೂರುಗಳನ್ನು ಒರೆಸಿ ಬರೆಯಲು ಕೂತಳು. 'ಯಾರೂ' ಎಂಬಲ್ಲಿ 'ಬಹುತೇಕರು' ಎಂದು ಬರೆದಳು. ಸಣ್ಣ ಮಾತೆನಿಸಿತು. ಆದರೆ ಈ ಸಲ ಅದನ್ನು ಮತ್ತೆ ಮತ್ತೆ ನೋಡಬೇಕೆನಿಸಲಿಲ್ಲ. ತಟ್ಟೆಗಳ ವಿಷಯ ಬರೆಯುತ್ತಿರುವಾಗ ಗಂಡ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಅಣ್ಣ ಗೇಟಲ್ಲೇ ನಿಂತಿದ್ದಾನೆ. ನೀನು ಬಂದು ತಪ್ಪಾಯ್ತು ಅಂದ್ರೆ ಓವನ್ ಕೊಡ್ತಾನಂತೆ."

"ಯಾವ ತಪ್ಪಿಗೆ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಅದನ್ನ ಹೇಳ್ಲಿಲ್ಲ."

"ಕೇಳ್ಕೊಂಡು ಬನ್ನಿ," ಎಂದು ಅವಳು ತಲೆ ತಗ್ಗಿಸಿ ಬರವಣಿಗೆ ಮುಂದುವರಿಸಿದಳು. "ಅವರು ಹೇಳಿದ್ದನ್ನ ಹೇಳಿದ ಹಾಗೇ ನೆನಪಿಟ್ಕೊಂಡು ಬನ್ನಿ. ಅದನ್ನೂ ಬರೀಬೇಕಾಗುತ್ತೆ."