ಸಾಹೇಬರ ಕಾಲ ಮೇಲೆ ಬಿದ್ದ ಬಾಲ

ಈ ಒಲೆಯಾಣೆ, ನಾನು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೆಕ್ಕೇ, ಬಾಲ ಮಡಚಿಕೊಂಡು ಕೂತು ಕೇಳು. ನಾನೂ ಒಂದು ಬಾಲವೇ. ಸಾಗುವಾನಿ ಬಾಲ. ಮೈಮೇಲೆ ಎಲ್, ವೈ ಎಂಬ ಎರಡು ಇಂಗ್ಲಿಷ್ ಅಕ್ಷರ, ತಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ.

ಯಾರದೋ ಬಾಗಿಲಿಗೆ ಹಾಕಿ ಮಿಕ್ಕ ತುಂಡಿನಿಂದ ನನ್ನನ್ನು ಕೆತ್ತಿದವನು ಮೌನೇಶ ಬಡಿಗೇರ. ಮಾಡಿಸಿದವರು ಹೈಸ್ಕೂಲಿನ ಇಂಗ್ಲಿಷ್ ಕಳಕಪ್ಪ ಮಾಸ್ತರರು. ಸ್ಲೋ, ಲೌಡ್, ಹ್ಯಾಪಿ ಎಂದು ಬರೆದ ಹಲಗೆಗಳನ್ನೂ ಅವರೇ ಮಾಡಿಸಿದ್ದರು. ಒಂದೊಂದರ ಅಂಚಿಗೂ ಒಂದೊಂದು ಬಳೆ. ಆ ಬಳೆಗೆ ನನ್ನ ಕೊಕ್ಕೆ.

"ರೊಟ್ಟಿ ಮೆತ್ತಂದು, ಮಾತಾಡೂದು ಮೆತ್ತಗ. ಹೌದಲ್ಲೋ? ಹಂಗ ಇಂಗ್ಲಿಷಿನ್ಯಾಗ ಮನಶ್ಯಾ ಸ್ಲೋ, ಅಂವ ನಡಿಯೂದು ಸ್ಲೋಲಿ. ಕೆಲಸ ಹೆಂಗ ಆತು ಅಂತ ಹೇಳಾಕ ಈ ಬಾಲಾ ಬೇಕು," ಎನ್ನುತ್ತಿದ್ದರು ಮಾಸ್ತರರು. ಹ್ಯಾಪಿಗೆ ಮಾತ್ರ ಕೊನೆಯ ವೈ ಕಿತ್ತು ಐ ಕೂಡಿಸಿಯೇ ನನ್ನನ್ನು ಸಿಗಿಸಬೇಕು. ನಾನು ಸ್ಲೋ ಹಲಗೆಯಲ್ಲಿ ತೂಗುತ್ತಿರುವಷ್ಟು ಹೊತ್ತು ಗೋಡೆಯ ಗಡಿಯಾರವೂ ನಿಧಾನವಾಗಿ, ಪಿರಿಯಡ್ಡು ಮುಗಿಯುತ್ತಲೇ ಇರಲಿಲ್ಲ. ಇದೂ ಸತ್ಯ.

ಫಾಸ್ಟ್ ಹಲಗೆಗೆ ಮಾತ್ರ ಬಳೆ ಇರಲಿಲ್ಲ. ಓಡುವ ಕುದುರೆಯೂ ಫಾಸ್ಟ್, ಅದು ಓಡುವುದೂ ಫಾಸ್ಟ್. ಅದಕ್ಕೆ ಬಾಲ ಬೇಡ. ಹುಡುಗರು ಇಷ್ಟೆಲ್ಲ ಯೋಚಿಸುತ್ತಿರಲಿಲ್ಲ. ಬಳೆ ಕಂಡರೆ ನನ್ನನ್ನು ಸಿಗಿಸುತ್ತಿದ್ದರು, ಕಾಣದಿದ್ದರೆ ಸುಮ್ಮನಿರುತ್ತಿದ್ದರು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬರುವ ಸುದ್ದಿ ಬಂತು. ಪಾಠ ಅವರಿಗೆ ಒಪ್ಪಿಗೆಯಾಗದಿದ್ದರೆ ಮಾಸ್ತರರಿಗೆ ಮೇ ತಿಂಗಳಿಡೀ ದೂರದ ಊರಿನಲ್ಲಿ ತರಬೇತಿ. ಅದೇ ಮೇ ತಿಂಗಳಲ್ಲಿ ಅವರ ಮಗಳ ಮದುವೆ.

ಸಾಹೇಬರು ಬರುತ್ತಾರೆಂದರೆ ಶಾಲೆಗೆ ಸುಣ್ಣ, ಗಂಟೆಗೆ ಹುಣಸೆಹಣ್ಣಿನ ಸ್ನಾನ. ಜವಾನ ಫಕ್ಕೀರಪ್ಪ ಹಲಗೆಗಳಿಗೂ ಬಣ್ಣ ಬಳಿದ. ಫಾಸ್ಟ್ ಹಲಗೆಯನ್ನು ಕಂಡು ಅವನ ಕರುಳು ಚುರುಕ್ಕೆಂದಿತು.

"ಅಯ್ಯ ಪಾಪ, ಇದೊಂದು ಬರೇ ಕೈಲೆ ಐತಲ್ಲ! ಸಾಹೇಬ್ರ ಮುಂದ ಹಿಂಗ ನಿಂದ್ರಬಾರ್ದು," ಎಂದವನೇ ಅದಕ್ಕೂ ಒಂದು ಬಳೆ ತೊಡಿಸಿದ. ಮಾಸ್ತರರಿಗೆ ತಿಳಿಸಲಿಲ್ಲ.

ಮರುದಿನ ಸಾಹೇಬರು ಹಲಗೆಗಳ ರಾಶಿಯಿಂದ ಅದನ್ನೇ ಎಳೆದು ಹಿಡಿದರು. "ಮುಂದಿನ ಬೆಂಚಿನ ಹುಡುಗಿ, ಬಾರವಾ. ಇದಕ್ಕ ಬಾಲಾ ಹಚ್ಚತಿಯೋ, ಬಿಡತಿಯೋ?"

ಎದ್ದು ಬಂದ ಮಾಬೂಬಿ ಬಳೆ ನೋಡಿದಳು. ಸಿಗಿಸಿದಳು. ಮಾಸ್ತರರ ಮುಖ ಸುಣ್ಣದ ಗೋಡೆಯಾಯಿತು. ನಾನು ನೋಡಿದೆ. ಮದುವೆ ಮಂಟಪದಲ್ಲಿ ಅಪ್ಪನಿಲ್ಲದೆ ಅಳುವ ಮಗಳು ಕಣ್ಣ ಮುಂದೆ ಬಂದಳು. ಕೊಕ್ಕೆ ಸಡಿಲಿಸಿದೆ. ನೇರವಾಗಿ ಸಾಹೇಬರ ಕಾಲ ಹೆಬ್ಬೆರಳ ಮೇಲೆ ಬಿದ್ದೆ.

"ಯವ್ವಾ! ಸತ್ನೆಪ್ಪೋ!"

ಮಾಸ್ತರರು ಕಣ್ಣೆವೆ ಬಡಿಯಲಿಲ್ಲ. "ನೋಡಿದ್ರೇನ್ರೋ? ಫಾಸ್ಟ್‌ಗೆ ಬಾಲಾ ಹಚ್ಚಿದ್ರ ನಿಂದ್ರೂದಿಲ್ಲ. ಇದನ್ನ ತೋರ್ಸಾಕಂತನ ಈ ಬಳೀ ಇಟ್ಟೇನ್ರಿ ಸಾಹೇಬ್ರ. ಈಗ ಹೇಳ್ರಿ, ಸಾಹೇಬ್ರು ಹೆಂಗ ಚೀರಿದ್ರು?"

"ಲೌಡ್ಲಿ ರೀ ಸರ್!" ಎಂದಿತು ಇಡೀ ಕ್ಲಾಸು. ಮಾಬೂಬಿ ನನ್ನನ್ನು ಎತ್ತಿ ಲೌಡ್ ಹಲಗೆಗೆ ಸಿಗಿಸಿದಳು. ಅಲ್ಲಿ ಗಟ್ಟಿಯಾಗಿ ಕೂತೆ.

"ಸಾಕ್ರೀ ಮಾಸ್ತರ, ಪಾಠ ಮೈಗೆ ಹತ್ತಿತು," ಎಂದು ಸಾಹೇಬರು ಸ್ಲೋಲಿ ಹೊರಟುಹೋದರು. ಮಾಸ್ತರರು ಮಗಳ ಮದುವೆಯಲ್ಲಿ ತಾವೇ ನಿಂತು ಹೋಳಿಗೆ ಬಡಿಸಿದರು.

ಅವರು ನಿವೃತ್ತರಾದ ಮೇಲೆ ಹೊಸ ಮೇಡಮ್ಮು ಗೋಡೆಗೆ ಟೀವಿ ಹಾಕಿಸಿದರು. ನಾನು ಈ ಬಿಸಿಯೂಟದ ಅಡುಗೆಕೋಣೆಗೆ ಬಂದೆ. ಅಡುಗೆಯ ಗಂಗವ್ವ ನನ್ನನ್ನು ಹಗ್ಗಕ್ಕೆ ಕಟ್ಟಿ, ನನ್ನ ಕೊಕ್ಕೆಗೆ ಸೌಟು ತೂಗುಹಾಕಿದಳು. "ಇದರ ಮ್ಯಾಲೆ ಏನರೆ ಬರದಿರ್ಲಿ, ಸೌಟ ಛಲೋ ಹಿಡೀತೈತಿ ನೋಡು," ಎನ್ನುತ್ತಾಳೆ. ಬೇಸರವಿಲ್ಲ. ಏನು ಮಾಡಿದೆವು ಎನ್ನುವುದನ್ನು ಎಲ್ಲರೂ ಕೇಳುತ್ತಾರೆ. ಹೇಗೆ ಮಾಡಿದೆವು ಎಂದು ಕೇಳುವವರೇ ಕಡಿಮೆ. ನನ್ನ ಬದುಕೆಲ್ಲ ಅದನ್ನು ಹೇಳುವುದರಲ್ಲೇ ಕಳೆಯಿತು.

ಆದರೆ ಒಂದು ನೋವಿದೆ. ಕೊಕ್ಕೆಯ ಸ್ಕ್ರೂ ಸಡಿಲಾಗಿತ್ತು, ಅದಕ್ಕೇ ಬಿತ್ತು ಎಂದು ಫಕ್ಕೀರಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಶುದ್ಧ ಸುಳ್ಳು. ನಾನು ಬಿದ್ದದ್ದು ಬೇಕಂತಲೇ. ಸಾಕ್ಷಿ ಬೇಕೇನು? ಕೇಳು. ಮಾಬೂಬಿ ಕೈ ಬಿಟ್ಟ ಕೂಡಲೇ ನಾನು ಒಮ್ಮೆ ಸಾಹೇಬರ ಚಪ್ಪಲಿ ನೋಡಿ, ಗುರಿ ಹಿಡಿದು... ಏ, ಎತ್ತ ಹೊರಟೆ? ಹಾಲು ಇನ್ನೂ ಕಾದಿಲ್ಲ ಮಾರಾಯಾ, ಮುಖ್ಯವಾದ ಮಾತು ಈಗಷ್ಟೇ...